ಟೀ ಪೆಟ್ಟಿಗೆ ನುಡಿಸಿದವರಿಗೂ, ಕೇಳೋಕೆ ಬಂದವರಿಗೂ

ಕಳೆದ ಶನಿವಾರ ಸ್ಕಾಟ್‌ಲ್ಯಾಂಡಿನ ಫೈಫ್ ಸೀಮೆಯ ನಮ್ಮೂರು ಕರ್ಕಾಡಿಯ ಚರ್ಚ್ ಹಾಲ್‌ನಲ್ಲಿ ಹಳೇ ಬ್ಯಾಂಡ್‌ಗಳ ನೆನಪಿನ ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಎಡಿನ್‌ಬರಾ, ಗ್ಲಾಸ್ಗೋದಿಂದ ಬಂದ ಕನ್ನಡದ ಗೆಳೆಯರಿಗೆ ಅವತ್ತು ಸರಿಯಾಗಿ ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ. ನೀವು ಹಳೇ ಫೋಟೋ ಸ್ಕ್ಯಾನ್ ಮಾಡಿಕೊಟ್ಟಿರಿ. ಮಳೆಯಲ್ಲಿ ತಾತ, ಅಜ್ಜಿಯರನ್ನು ಕಾರಿನಲ್ಲಿ ಕರೆತಂದು ಬಿಟ್ಟಿರಿ. ಫೈಫ್ ಕಡೆಯ ಮಾತು ಕಿವಿಗೆ ಹತ್ತುವುದು ಕಷ್ಟ, ಆದರೂ ಹಿರಿಯರು ನೆನಪು ಹೇಳಿಕೊಂಡ ಒಂದೊಂದು ರೆಕಾರ್ಡಿಂಗನ್ನೂ ಮತ್ತೆ ಮತ್ತೆ ಕೇಳಿ ಟೈಪ್ ಮಾಡಿದಿರಿ. ಅಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ, ಯಾತಕ್ಕೋಸ್ಕರ ಅಂತ ಪೂರ್ತಿಯಾಗಿ ಹೇಳುವುದು ನನ್ನ ಮೇಲಿರುವ ಋಣ. ಊರಿನಿಂದ ಅಮ್ಮನೂ ಕೇಳುತ್ತಲೇ ಇದ್ದಾರೆ, ಅದೇನು ಹಾಡು ಅದು ಅಂತ.

ಅದರ ಹೆಸರು ಸ್ಕಿಫಲ್. ಅಮೆರಿಕದ ಕಪ್ಪು ಜನರ ಹಳೇ ಹಾಡುಗಳನ್ನು ಸಿಕ್ಕಿದ ಸಾಮಾನಿನಲ್ಲೇ ನುಡಿಸಿ ಹಾಡುವ ರೀತಿ. ಬ್ರಿಟನ್ನಿನಲ್ಲಿ ಅದನ್ನು ಮನೆಮನೆಗೆ ತಲುಪಿಸಿದವರು ಲಾನಿ ಡಾನೆಗನ್. 1931ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು, ಬೆಳೆದದ್ದು ಲಂಡನ್ನಿನಲ್ಲಿ. ಅವರು 1954ರಲ್ಲಿ ಹಾಡಿದ 'ರಾಕ್ ಐಲ್ಯಾಂಡ್ ಲೈನ್' ಎಂಬ ರೈಲಿನ ಹಾಡು 1956ರ ಹೊತ್ತಿಗೆ ಎಲ್ಲರ ಬಾಯಲ್ಲಿತ್ತು. ಅದನ್ನು ಹಾಡೋಕೆ ಗಿಟಾರಿನ ಎರಡು ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಂದರೆ ಸಾಕು. ಒಬ್ಬನ ಹತ್ತಿರ ಅಗ್ಗದ ಗಿಟಾರ್, ಇನ್ನೊಬ್ಬನ ಹತ್ತಿರ ಅಮ್ಮನ ಬಟ್ಟೆ ಉಜ್ಜುವ ತಗಡಿನ ಹಲಗೆ, ಬೆರಳಿಗೆ ಹೊಲಿಗೆಯ ಅಂಗುಸ್ತಾನ. ಬಾಸ್‌ಗೆ, ಅಂದರೆ ತಗ್ಗಿನ ದಪ್ಪ ಸ್ವರಕ್ಕೆ, ಟೀ ಪೆಟ್ಟಿಗೆ. ಸಂಗೀತ ಕಲಿಸೋಕೆ ದುಡ್ಡಿಲ್ಲದ ಮನೆಯ ಹುಡುಗರಿಗೆ ಅಷ್ಟು ಸಾಕಾಗಿತ್ತು.

ಆ ಟೀ ಪೆಟ್ಟಿಗೆಯ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅಸ್ಸಾಂ, ಸಿಲೋನ್, ನಮ್ಮ ನೀಲಗಿರಿಯಿಂದ ಟೀ ಆಗ ಪ್ಲೈವುಡ್ ಪೆಟ್ಟಿಗೆಗಳಲ್ಲೇ ಬರುತ್ತಿತ್ತು. ಖಾಲಿಯಾದ ಮೇಲೆ ದಿನಸಿ ಅಂಗಡಿಯವರು ಹುಡುಗರಿಗೆ ಸುಮ್ನೆ ಕೊಟ್ಟುಬಿಡುತ್ತಿದ್ದರಂತೆ. ಹಿರಿಯರು ಸೇರಿ ಉಣ್ಣುವ ನಮ್ಮ ಊಟದ ಕ್ಲಬ್ಬಿಗೆ ಬರುವ ತಾತ ಒಬ್ಬರು ಕಾರ್ಯಕ್ರಮಕ್ಕೆ ಅಂತಲೇ ಒಂದನ್ನು ಹೊಸದಾಗಿ ಕಟ್ಟಿದರು. ಪೆಟ್ಟಿಗೆಯನ್ನು ಬೋರಲು ಹಾಕಿ, ತಳದ ನಡುವೆ ತೂತು ಕೊರೆದು, ದಾರ ತೂರಿಸಿ ಒಳಗಿನಿಂದ ಗಂಟು ಹಾಕಿದರು. ಇನ್ನೊಂದು ತುದಿಯನ್ನು ಪೊರಕೆ ಕೋಲಿನ ತಲೆಗೆ ಬಿಗಿದರು. ಎಡಗಾಲನ್ನು ಪೆಟ್ಟಿಗೆಯ ಮೇಲೆ ಊರಿ, ಕೋಲನ್ನು ಹಿಂದಕ್ಕೆ ವಾಲಿಸಿದರೆ ದಾರ ಬಿಗಿದು ಸ್ವರ ಏರುತ್ತದೆ. ಸಡಿಲ ಬಿಟ್ಟರೆ ಇಳಿಯುತ್ತದೆ. ಇಂಥ ಜಾಗದಲ್ಲಿ ಇಂಥ ಸ್ವರ ಅಂತ ಗುರುತೇನೂ ಇಲ್ಲ, ಪೂರಾ ಕಿವಿಯ ಮೇಲೆ ನಿಂತ ಕೆಲಸ. ನುಡಿಸುವ ಮೊದಲು ಅವರು ಬಲಗೈಯ ಎರಡು ಬೆರಳಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿಕೊಂಡರು. ಎರಡು ಹಾಡು ಮುಗಿಯುವಷ್ಟರಲ್ಲಿ ದಾರ ಚರ್ಮವನ್ನು ಕೊಯ್ಯುತ್ತದಂತೆ. ಹದಿನಾರನೇ ವಯಸ್ಸಿನಲ್ಲಿ ಕಲಿತದ್ದು, ಎಂಬತ್ತು ದಾಟಿದ ಮೇಲೂ ಕೈ ಮರೆತಿರಲಿಲ್ಲ. ತಾತ, ನಿಮಗೆ ನನ್ನ ನಮಸ್ಕಾರ. ನಿಮ್ಮ ಮೊಮ್ಮಗಳು ಇದನ್ನು ನಿಮಗೆ ಓದಿ ಹೇಳುವ ಹಾಗೆ ಇಂಗ್ಲಿಷಿನಲ್ಲೂ ಬರೆದುಕೊಡುತ್ತೇನೆ.

ಸ್ಕಿಫಲ್ ಬಹಳ ವರ್ಷ ಬಾಳಲಿಲ್ಲ. 1958ರ ಹೊತ್ತಿಗೇ ಅದರ ಅಬ್ಬರ ಇಳಿದಿತ್ತು. ಆದರೆ ಹುಡುಗರು ನುಡಿಸುವುದನ್ನು ಬಿಡಲಿಲ್ಲ, ಟೀ ಪೆಟ್ಟಿಗೆ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಕೈಯಲ್ಲಿ ಕಾಸೆಲ್ಲಿತ್ತು? ಕಂತಿನ ಮೇಲೆ ತಂದರು. ಒಬ್ಬರು ತಮ್ಮ ಕಂತಿನ ಕಾರ್ಡನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಜಾಮೀನಿಗೆ ಅಮ್ಮ ಹಾಕಿದ ಸಹಿ ಅದರಲ್ಲಿದೆ. ಗಂಡನಿಗೆ ಹೇಳದೆ ಹಾಕಿದ ಸಹಿಯಂತೆ. ಕಲ್ಲಿದ್ದಲ ಗಣಿಯಲ್ಲಿ, ನೆಲಕ್ಕೆ ಹಾಸುವ ಲಿನೋಲಿಯಂನ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ದುಡಿದು, ಶುಕ್ರವಾರ ಸಂಜೆ ಮೈ ತೊಳೆದುಕೊಂಡು ವ್ಯಾನ್ ಹತ್ತುವುದು. ಗಣಿ ಕಾರ್ಮಿಕರ ಕ್ಲಬ್ಬು, ಚರ್ಚ್ ಹಾಲು, ಡಾನ್ಸ್ ಹಾಲು, ಎಲ್ಲಿ ಕರೆದರೆ ಅಲ್ಲಿ.

ಇವರಲ್ಲಿ ಕೆಲವರ ಹೆಸರು ದೂರದವರೆಗೂ ಹೋಯಿತು. ಬೆಂಗಳೂರಿನಲ್ಲಿ ರಾಕ್ ಕೇಳುತ್ತ ಬೆಳೆದವರಿಗೆ ನಜರೆತ್ ಗೊತ್ತಲ್ವಾ? ಅವರು ಇಲ್ಲೇ ಪಕ್ಕದ ಡನ್‌ಫರ್ಮ್‌ಲಿನ್‌ನವರು. 1961ರಲ್ಲಿ ಶುರುವಾದ ಶೇಡೆಟ್ಸ್ ಎಂಬ ಊರಿನ ಬ್ಯಾಂಡೇ 1968ರಲ್ಲಿ ನಜರೆತ್ ಆಯಿತು. ಗ್ಲಾಸ್ಗೋದ ಹೊರವಲಯದ ಬೇಲಿಸ್ಟನ್ನಿನಲ್ಲಿ ಗೇಲಾರ್ಡ್ಸ್ ಅಂತ ಹುಟ್ಟಿದ ಬ್ಯಾಂಡು ಮಾರ್ಮಲೇಡ್ ಅಂತ ಹೆಸರು ಬದಲಿಸಿಕೊಂಡು 1969ರ ಜನವರಿಯಲ್ಲಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗಾಯಕಿ ಲುಲು 'ಶೌಟ್' ಹಾಡಿದಾಗ ಅವರಿಗೆ ಹದಿನೈದೇ ವರ್ಷ. 1965ರಲ್ಲಿ ಗ್ಲಾಸ್ಗೋದ ಜಾರ್ಜ್ ಸ್ಕ್ವೇರ್‌ನಲ್ಲಿ ಬೀಟ್‌ಸ್ಟಾಕರ್ಸ್ ಬ್ಯಾಂಡಿನವರು ನುಡಿಸೋಕೆ ನಿಂತಾಗ ಜನ ನುಗ್ಗಿದ ರಭಸಕ್ಕೆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು.

ರೆಕಾರ್ಡ್ ಕಂಪನಿಗಳೆಲ್ಲ ಇದ್ದದ್ದು ಲಂಡನ್ನಿನಲ್ಲಿ. ಇಷ್ಟು ದೂರ ಬಂದು ಕೇಳುವವರು ಕಮ್ಮಿ. ಅದನ್ನು ಎಲ್ಲರಿಗೂ ಕಾಣಿಸೋಕೆ 1963ರಲ್ಲಿ ಮಾರ್ಕ್ ಫೈವ್ ಎಂಬ ಬ್ಯಾಂಡಿನವರು ಎಡಿನ್‌ಬರಾದಿಂದ ಲಂಡನ್ ಕಡೆಗೆ ಕಾಲ್ನಡಿಗೆಯಲ್ಲೇ ಹೊರಟರು. ಇದನ್ನು ಹೇಳುವಾಗ ನಮ್ಮ ತಾತಂದಿರ ದನಿಯಲ್ಲಿ ಈಗಲೂ ಹೆಮ್ಮೆ ಕೇಳಿಸುತ್ತದೆ.

ಬೀಟಲ್ಸ್ ವಿಷಯವನ್ನಂತೂ ಎಲ್ಲರೂ ಹೇಳಿದರು. ಅವರೂ ಸ್ಕಿಫಲ್‌ನಿಂದಲೇ ಬಂದವರು. 1960ರ ಮೇ ತಿಂಗಳಲ್ಲಿ, ಇನ್ನೂ ಆ ಹೆಸರೂ ಗಟ್ಟಿಯಾಗದ ಕಾಲದಲ್ಲಿ, ಜಾನಿ ಜೆಂಟಲ್ ಎಂಬ ಗಾಯಕನ ಹಿಂದೆ ನಿಂತು ಆಲೋವಾದಿಂದ ಫ್ರೇಸರ್‌ಬರೋವರೆಗೆ ಸ್ಕಾಟ್‌ಲ್ಯಾಂಡಿನ ಚಿಕ್ಕ ಚಿಕ್ಕ ಹಾಲ್‌ಗಳಲ್ಲಿ ನುಡಿಸಿ ಹೋದರು. 1963ರ ಅಕ್ಟೋಬರ್ 6ರಂದು ನಮ್ಮ ಕರ್ಕಾಡಿಯ ಕಾರ್ಲ್‌ಟನ್ ಥಿಯೇಟರಿಗೆ ಬಂದಾಗ ಊರಿಗೆ ಊರೇ ಕಿರುಚಿತಂತೆ.

ಆದರೆ ಈ ಕಾರ್ಯಕ್ರಮ ಹೆಸರು ಮಾಡಿದವರಿಗಾಗಿ ಅಲ್ಲ. ಅವರ ಕಥೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾಲ್ಕೈದು ವರ್ಷ ವಾರವಾರವೂ ಊರನ್ನು ಕುಣಿಸಿ, ಮದುವೆಯಾದ ಮೇಲೆ ಗಿಟಾರ್ ಮಾರಿ ಮಗುವಿನ ಗಾಡಿ ಕೊಂಡವರು ಇದ್ದಾರಲ್ಲ, ಅವರಿಗಾಗಿ. ಅವರ ಒಂದು ರೆಕಾರ್ಡೂ ಇಲ್ಲ. ಇರುವುದು ಬಿಸ್ಕೆಟ್ ಡಬ್ಬಿಯಲ್ಲಿನ ಫೋಟೋ, ಒಂದೆರಡು ಟಿಕೆಟ್ಟು, ಮತ್ತೆ ಬಾಯಿಮಾತು. ಊಟದ ಕ್ಲಬ್ಬಿನಲ್ಲಿ ಸೂಪ್ ಬಡಿಸುವಾಗ ಈ ಮಾತುಗಳು ನನ್ನ ಕಿವಿಗೆ ಬಿದ್ದವು. ಬರೆದಿಡದಿದ್ದರೆ ಹೋಗಿಬಿಡುತ್ತವೆ ಅನ್ನಿಸಿತು. ರೆಕಾರ್ಡಿಂಗಿಗೆ ಮಾತಾಡಿದ್ದವರಲ್ಲಿ ಇಬ್ಬರು ಶನಿವಾರದವರೆಗೆ ಉಳಿಯಲಿಲ್ಲ. ಅವರ ದನಿಯನ್ನು ಹಾಲ್‌ನಲ್ಲಿ ಕೇಳಿಸಲು ಒಪ್ಪಿದ ಮನೆಯವರಿಗೆ ಕೈಮುಗಿಯುತ್ತೇನೆ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಒಂದು ಫೋಟೋದಲ್ಲಿ ನಾಲ್ವರು ಹುಡುಗರು ಒಂದೇ ಥರದ ಕೆಂಪು ಕೋಟು ಹಾಕಿ ನಿಂತಿದ್ದಾರೆ. ಹಿಂದೆ ನಾಲ್ವರ ಹೆಸರೂ ಬರೆದಿದೆ. ಆ ಕೋಟು ಹೊಲಿದವರು ಶನಿವಾರ ಹಾಲ್‌ನ ಮೂರನೇ ಸಾಲಿನಲ್ಲಿ ಕೂತಿದ್ದರು. ಪರದೆಯ ಬಟ್ಟೆ ತಂದು, ಅಮ್ಮನ ಮೆಷಿನ್ನಿನಲ್ಲಿ, ಕಾಲರಿಗೆ ಕಪ್ಪು ವೆಲ್ವೆಟ್ ಪಟ್ಟಿ ಇಟ್ಟು ಹೊಲಿದದ್ದು. "ಡ್ರಮ್ಮರ್‌ನ ತೋಳು ಮಾತ್ರ ಅಗಲ ಇಟ್ಟೆ, ಅವನು ಕೈ ಬೀಸಬೇಕಲ್ಲ" ಅಂದರು. ಅಷ್ಟು ಯೋಚಿಸಿ ಹೊಲಿದವರ ಹೆಸರು ಆ ಫೋಟೋದ ಮೇಲೆ ಎಲ್ಲೂ ಇರಲಿಲ್ಲ. ಈಗ ಫೋಟೋ ಜೊತೆಗಿಟ್ಟ ನಮ್ಮ ಚೀಟಿಯಲ್ಲಿ ಐದನೇ ಹೆಸರಾಗಿ ಸೇರಿದೆ. ನನಗೆ ಇಡೀ ದಿನದಲ್ಲಿ ತುಂಬಾ ಸಮಾಧಾನ ಕೊಟ್ಟ ಕೆಲಸ ಅದು.

ಮೊದಲು ಮಾತಾಗಿದ್ದ ಜಾಗ ಕೊನೇ ಗಳಿಗೆಯಲ್ಲಿ ಕೈತಪ್ಪಿದಾಗ ಬಾಡಿಗೆ ಕೇಳದೆ ಬೀಗದ ಕೈ ಕೊಟ್ಟ ಚರ್ಚಿನವರಿಗೆ ಥ್ಯಾಂಕ್ಸ್. ಫೋಟೋ ಹಿಡಿಯುವ, ಇಡುವ ಕ್ರಮ ಹೇಳಿಕೊಟ್ಟ ಲೈಬ್ರರಿಯವರಿಗೆ ಥ್ಯಾಂಕ್ಸ್. ಮೈಕ್ ಕೆಟ್ಟಾಗ ಎದ್ದು ನಿಂತು ಅಕಾರ್ಡಿಯನ್ ನುಡಿಸಿದ ಯಜಮಾನರಿಗೆ, ಬೆಳಗಿನ ಜಾವ ಎದ್ದು ಇಷ್ಟು ಜನಕ್ಕೆ ಚಿತ್ರಾನ್ನ, ವಡೆ ಮಾಡಿ ತಂದ ಅಕ್ಕಂದಿರಿಗೆ, ವಾರಗಟ್ಟಲೆ ಡೈನಿಂಗ್ ಟೇಬಲ್ ಮೇಲೆ ಹರಡಿದ್ದ ಫೋಟೋಗಳ ಪಕ್ಕ ತಟ್ಟೆ ಇಟ್ಟುಕೊಂಡು ಉಂಡ ನನ್ನ ಮನೆಯವರಿಗೆ, ಮಗಳಿಗೆ ತುಂಬಾ ಥ್ಯಾಂಕ್ಸ್.

ರೆಕಾರ್ಡಿಂಗ್‌ಗಳ ಒಂದೊಂದು ಪ್ರತಿ ಆಯಾ ಮನೆಯವರಿಗೆ ಈ ತಿಂಗಳಲ್ಲೇ ತಲುಪುತ್ತದೆ. ಫೈಫ್, ಡಂಡೀ ಕಡೆ ಕೆಲಸ ಮಾಡುವ ನಮ್ಮ ಡಾಕ್ಟರ್, ನರ್ಸ್ ಗೆಳೆಯರೇ, ನಿಮಗೆ ಪರಿಚಯದ ಹಿರಿಯರು ಯಾರಾದರೂ ಆಗ ಬ್ಯಾಂಡಿನಲ್ಲಿದ್ದೆವು ಅಂದರೆ, ಅವರೇ ಇಷ್ಟಪಟ್ಟರೆ ನನಗೆ ತಿಳಿಸಿ. ಟೇಪ್ ರೆಕಾರ್ಡರ್ ಹಿಡಿದು ನಾನೇ ಬರುತ್ತೇನೆ. ಮತ್ತೆ, ವಡೆ ಬಂದ ದೊಡ್ಡ ಸ್ಟೀಲ್ ಡಬ್ಬಿ ನಮ್ಮ ಮನೆಯಲ್ಲಿದೆ. ಯಾರದು ಅಂತ ಹೇಳಿ, ತಲುಪಿಸುತ್ತೇನೆ.