ನೇಪಲ್ಸ್‌ಗೆ ಹೊರಟ ಮಗಳಿಗೆ

ಪುಟ್ಟೀ,

ಮೊನ್ನೆ ರಾತ್ರಿ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟದ್ದು ನನ್ನ ತಪ್ಪು. ಒಬ್ಬಳೇ ಹೋಗುತ್ತೀಯ, ಹೋಗು. ಟಿಕೆಟ್ಟು, ವೀಸಾ ಎಲ್ಲ ನೀನೇ ಮಾಡಿಕೊಂಡೆ ಅಂತ ಓಣಿಯವರಿಗೆಲ್ಲ ಹೇಳಿ ಬಂದಿದ್ದೇನೆ.

ಮಂಗಳವಾರ ಪುರಾತತ್ವ ಮ್ಯೂಸಿಯಂಗೂ ಸಾನ್ಸೆವೆರೊ ಚಾಪೆಲ್‌ಗೂ ರಜೆ. ಅವತ್ತು ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ಊರು ಪೊಂಪೇಯಿ ಇಟ್ಟುಕೋ. ಕಾಪೊದಿಮೊಂತೆ ಮ್ಯೂಸಿಯಂಗೆ ರಜೆ ಬುಧವಾರ. ಸಾನ್ಸೆವೆರೊಗೆ ಈಗಲೇ ಆನ್‌ಲೈನಿನಲ್ಲಿ ಸಮಯ ಕಾದಿರಿಸು. ಶಿಲ್ಪಿ ಸಾನ್ಮಾರ್ತಿನೊ 1753ರಲ್ಲಿ ಕೆತ್ತಿದ ಮುಸುಕಿನ ಕ್ರಿಸ್ತ ಅಲ್ಲಿದ್ದಾನೆ, ಮೈಯೂ ಮುಸುಕೂ ಒಂದೇ ಅಮೃತಶಿಲೆ. ಫೋಟೋ ತೆಗೆಯಲು ಬಿಡುವುದಿಲ್ಲ. ಒಳ್ಳೆಯದೇ, ಫೋನು ಚೀಲದಲ್ಲಿರುತ್ತದೆ.

ಚೀಲ ಅಂದೆನಲ್ಲ. ಪೊಂಪೇಯಿ ರೈಲು ಚಿರ್ಕುಮ್ವೆಸುವಿಯಾನಾ. ಎಲ್ಲರೂ ಗರಿಬಾಲ್ದಿಯಲ್ಲಿ ಹತ್ತುತ್ತಾರೆ, ಆ ನೂಕುನುಗ್ಗಲಲ್ಲೇ ಜೇಬುಗಳ್ಳರ ಕೆಲಸ. ನೀನು ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನಾಕ್ಕೆ ಹೋಗು, ರೈಲು ಹೊರಡುವುದೇ ಅಲ್ಲಿಂದ, ಸೀಟು ಸಿಗುತ್ತದೆ. ಬಾಗಿಲ ಬಳಿ ನಿಲ್ಲಬೇಡ. ಬಾಗಿಲು ಮುಚ್ಚುವ ಹೊತ್ತಿಗೇ ಕೈ ಹಾಕಿ ಇಳಿದುಬಿಡುತ್ತಾರೆ, ರೈಲು ನಿನ್ನನ್ನು ಹೊತ್ತು ಮುಂದೆ ಹೋಗಿರುತ್ತದೆ. ಚೀಲ ಎದೆಯ ಮೇಲೆ, ಜಿಪ್ಪು ಒಳಮುಖ. ಸೊರೆಂತೊ ಕಡೆಯ ರೈಲೇ ಹತ್ತಬೇಕು, ಇಳಿಯುವ ನಿಲ್ದಾಣ ಪೊಂಪೇಯಿ ಸ್ಕಾವಿ. ಪೊಜ್ಜೊಮರೀನೊ ರೈಲು ನೋಡಲು ಹಾಗೇ ಇರುತ್ತದೆ, ಅದು ಬೇರೆ ಕಡೆ ಇಳಿಸುತ್ತದೆ. 2024ರ ನವೆಂಬರ್‌ನಿಂದ ಪೊಂಪೇಯಿಯಲ್ಲಿ ದಿನಕ್ಕೆ 20,000 ಜನಕ್ಕಷ್ಟೇ ಪ್ರವೇಶ, ಟಿಕೆಟ್ಟಿನ ಮೇಲೆ ಹೆಸರು. ಹಾಗಾಗಿ ಪಾಸ್‌ಪೋರ್ಟ್ ಒಯ್ಯಲೇಬೇಕು. ಅದನ್ನು ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟಿಕೋ, ಚೀಲದಲ್ಲಿ ಹಾಕಬೇಡ. ನಕಲು ಪ್ರತಿ ರೂಮಿನಲ್ಲಿರಲಿ, ಇನ್ನೊಂದು ನನಗೆ ಕಳಿಸು. ನಕ್ಕುಬಿಡುತ್ತೀಯ, ಗೊತ್ತು. ದಿನ ತುಂಬ ಅದೊಂದನ್ನೇ ಯೋಚಿಸುತ್ತೇನೆ.

ನೀರಿನ ಬಾಟಲಿ, ಟೋಪಿ ಮರೆಯಬೇಡ. ಕಲ್ಲುಹಾಸು ಏರುತಗ್ಗು, ಚಪ್ಪಲಿ ಸಾಲದು, ಶೂ ಹಾಕು.

ಪುರಾತತ್ವ ಮ್ಯೂಸಿಯಂನಲ್ಲಿ ಎಲ್ಲರೂ ಫಾರ್ನೆಸೆ ಗೂಳಿ ಅನ್ನುವ ದೊಡ್ಡ ಶಿಲ್ಪದ ಮುಂದೆ ನಿಲ್ಲುತ್ತಾರೆ. ನೀನು ಗುಪ್ತ ಕೋಣೆಯನ್ನು ಕೇಳಿಕೊಂಡು ಹೋಗು. 1938ರಲ್ಲಿ ಪೊಂಪೇಯಿಯ ಮನೆಯೊಂದರಲ್ಲಿ ಸಿಕ್ಕ ನಮ್ಮ ದೇಶದ ದಂತದ ಹೆಣ್ಣುಮೂರ್ತಿಯನ್ನು ಅಲ್ಲಿಟ್ಟಿದ್ದಾರೆ. ಒಂದು ಗೇಣು ಎತ್ತರ, ಮೈತುಂಬ ಒಡವೆ, ಅಕ್ಕಪಕ್ಕ ಇಬ್ಬರು ಸೇವಕಿಯರು. ಮೊದಲು ಲಕ್ಷ್ಮಿ ಅಂದರು, ಯಕ್ಷಿ ಅನ್ನುವವರೇ ಈಗ ಹೆಚ್ಚು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿ ಮುಚ್ಚುವ ಮೊದಲೇ ಅಷ್ಟು ದೂರ ಹೋಗಿ ಕೂತಿದ್ದಾಳೆ, ಅವಳನ್ನು ಯಾರು ತಡೆದರೋ! ಆ ಕೋಣೆಯ ಮಿಕ್ಕ ವಸ್ತುಗಳ ವಿಷಯ ಅಪ್ಪ ಬರೆಯುವಂಥದ್ದಲ್ಲ.

ಅವಳ ಒಂದು ಫೋಟೋ ಕಳಿಸು. ರೂಮಿಗೆ ಬಂದಮೇಲೆ ಕಳಿಸು, ಪ್ಲಾಟ್‌ಫಾರಂನಲ್ಲಿ ಫೋನು ತೆಗೆಯಬೇಡ.

ನಿನ್ನ
ಅಪ್ಪ