ಓದುಗರ ಪತ್ರಕ್ಕೆ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ಮೂರು ತಿಂಗಳಿಂದ ನಿಮ್ಮ ಪತ್ರಿಕೆಯಲ್ಲಿ ಓದುಗರ ಪತ್ರಗಳು ಕಾಲು ಕಾಲಂಗೆ ಇಳಿದಿವೆ. ಅದೂ ಜಾಹೀರಾತು ಕಡಿಮೆ ಇರುವ ದಿನ. ದಾವಣಗೆರೆಯ ಪ್ರೆಸ್ಸೊಂದರಲ್ಲಿ ಹದಿನೆಂಟು ವರ್ಷ ಮೊಳೆ ಜೋಡಿಸಿದವನು ನಾನು. ಜಾಗ ಹೊಂದಿಸುವ ಕಷ್ಟ ನನಗೂ ಗೊತ್ತು. ಆದರೂ ಒಂದು ಮಾತು.

ಹೋದ ವರ್ಷ ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗಿದ್ದೆ. ವೆಂಕಟೇಶ್ವರ ದೇವಸ್ಥಾನ ನೋಡಿದ ಮೇಲೆ ಬೇರೆ ಕೆಲಸ ಇರಲಿಲ್ಲ. ಬೇರೆ ಕಡೆ ಸುತ್ತಲು ಚಳಿ. ಮಗಳು ಲೈಬ್ರರಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಅಲ್ಲಿ ಕೈಗೆ ಸಿಕ್ಕಿದ್ದು ‘ನ್ಯೂ ಪಿಟ್ಸ್‌ಬರ್ಗ್ ಕೊರಿಯರ್’, ಆ ಊರಿನ ಕಪ್ಪು ಜನರ ವಾರಪತ್ರಿಕೆ. ಮೂಲ ‘ಕೊರಿಯರ್’ ಅನ್ನು 1907ರಲ್ಲಿ ಶುರು ಮಾಡಿದ್ದು ಹೈಂಜ್ ಕಾರ್ಖಾನೆಯ ಕಾವಲುಗಾರ ಎಡ್ವಿನ್ ಹಾರ್ಲ್‌ಸ್ಟನ್. ತನ್ನ ಪದ್ಯಗಳನ್ನು ಅಚ್ಚು ಹಾಕಿಸುವ ಆಸೆ ಅವನಿಗೆ! ಆಮೇಲೆ ವಕೀಲ ರಾಬರ್ಟ್ ವ್ಯಾನ್ ಅದನ್ನು ಬೆಳೆಸಿದರು. ಅಮೆರಿಕದ ದಕ್ಷಿಣದ ಊರುಗಳಲ್ಲಿ ಪತ್ರಿಕೆ ಹಂಚಲು ಅಡ್ಡಿ ಬಂದಾಗ ರೈಲಿನ ಪುಲ್ಮನ್ ಎಂಬ ಮಲಗುವ ಬೋಗಿಯ ಪೋರ್ಟರ್‌ಗಳು ಕಟ್ಟುಗಳನ್ನು ಬಚ್ಚಿಟ್ಟು ಸಾಗಿಸುತ್ತಿದ್ದರಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಓದುಗರ ಪತ್ರ. ಮೂಲ ‘ಕೊರಿಯರ್’ನ 1942ರ ಜನವರಿ 31ರ ಸಂಚಿಕೆ. ಬರೆದವನು ಕ್ಯಾನ್ಸಸ್‌ನ ವಿಚಿಟಾದ ಜೇಮ್ಸ್ ಥಾಂಪ್ಸನ್, 26ರ ಹುಡುಗ. ವಿಮಾನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ. ಎರಡನೇ ಮಹಾಯುದ್ಧದ ಸಮಯ. ಅವನು ಕೇಳಿದ್ದು ಇಷ್ಟೇ: ಅರ್ಧ ಅಮೆರಿಕನ್ ಆಗಿ ಬದುಕಲು ನಾನು ಪ್ರಾಣ ಕೊಡಬೇಕೇ? ಹೊರಗಿನ ಶತ್ರುವಿನ ಮೇಲೆ ಒಂದು ಗೆಲುವು, ದೇಶದೊಳಗಿನ ಬಣ್ಣಭೇದದ ಮೇಲೆ ಇನ್ನೊಂದು ಗೆಲುವು ಬೇಕು ಎಂದ. ಮುಂದಿನ ವಾರವೇ ಪತ್ರಿಕೆ ಎರಡು ‘ವಿ’ಗಳ (ವಿಕ್ಟರಿ, ಅಂದರೆ ಗೆಲುವು) ಗುರುತನ್ನು ಮುಖಪುಟದಲ್ಲಿ ಹಾಕಿತು. ಜನ ಆ ಗುರುತನ್ನು ಅಂಗಿಗೆ ಸಿಕ್ಕಿಸಿಕೊಂಡು ಓಡಾಡಿದರು. ಕೊನೆಗೆ 1948ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿನ ಬಣ್ಣಭೇದ ನಿಲ್ಲಿಸುವ ಆದೇಶ ಹೊರಡಿಸಿದರು. ಎಲ್ಲಾ ಆ ಒಂದು ಪತ್ರದಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದರೆ ಯಾರೋ ಕ್ಯಾಂಟೀನಿನ ಹುಡುಗನದ್ದು, ಬಿಡು ಅಂತ ಸಂಪಾದಕರು ಅದನ್ನು ಬುಟ್ಟಿಗೆ ಹಾಕಲಿಲ್ಲ ಅಲ್ವಾ?

ಇನ್ನೊಂದು. ಭಾರತ ತನ್ನ ಸ್ವಾತಂತ್ರ್ಯಕ್ಕೆ ಈಗಲೇ ಹೋರಾಡಬೇಕೇ ಎಂದು ಅದೇ ವರ್ಷ ಈ ಪತ್ರಿಕೆ ಕಪ್ಪು ಜನರನ್ನು ಕೇಳಿತ್ತು. ಬಹುಪಾಲು ಜನ ಹೌದು ಎಂದಿದ್ದರು. ಓದಿ ಸುಮ್ನೆ ಕೂತುಬಿಟ್ಟೆ. ನಮ್ಮಪ್ಪನಿಗೆ ಇದು ಗೊತ್ತಿರಲಿಲ್ಲ.

ಕಳೆದ ತಿಂಗಳು ನಮ್ಮ ವಾರ್ಡಿನ ವಾಚನಾಲಯ ಮಧ್ಯಾಹ್ನವೇ ಬಾಗಿಲು ಹಾಕುತ್ತದೆ ಎಂದು ನಿಮಗೆ ಬರೆದಿದ್ದೆ. ನಾಲ್ಕು ಸಾಲು ಬಂತು. ಯಾವ ವಾರ್ಡು ಎನ್ನುವುದೇ ಕತ್ತರಿಸಿ ಹೋಗಿತ್ತು. ಪೂರ್ತಿ ಪತ್ರವನ್ನು ಇದರ ಜೊತೆ ಮತ್ತೆ ಕಳಿಸಿದ್ದೇನೆ. ವಾರ್ಡಿನ ನಂಬರನ್ನಾದರೂ ಉಳಿಸಿ.

ನಿಮ್ಮ ಹಳೆಯ ಓದುಗ,
ದಾವಣಗೆರೆ