ಆಯಿಯ ಪದಗಳನ್ನು ಒಂದೇ ಡಿಸ್ಕ್‌ನಲ್ಲಿ ಇಡಬೇಡ

ಕಲಬುರಗಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗಿಲ್ಲ. ಆಯಿಯ ಬೀಸುವ ಪದ, ಸೋಬಾನೆ ಪದ ಎಲ್ಲ ಸೇರಿ 40 ತಾಸು ರೆಕಾರ್ಡ್ ಮಾಡಿದ್ದೀ ಅಂತ ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ? ಎಲ್ಲಿ ಇಟ್ಟಿದ್ದೀ ಅಂತ ಕೇಳಿದೆ. "ಲ್ಯಾಪ್‌ಟಾಪ್‌ನಲ್ಲಿ ಇದೆ ಕಾಕಾ, ಡಿ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇದೆ" ಅಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವ ಡಿಸ್ಕ್ ತಗೊಳ್ಳಲಿ ಅಂತ ನೀನು ಕೇಳಿದ್ದೀಯಲ್ಲ, ಅದನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು.

ಸಿ ಮತ್ತು ಡಿ ಅಂದರೆ ಎರಡು ಡಿಸ್ಕ್ ಅಂತ ತಿಳಿಯಬೇಡ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಡಿಸ್ಕನ್ನು ಎರಡು ಪಾಲು ಮಾಡಿರುತ್ತಾರೆ. ಒಂದೇ ಕೋಣೆಯ ನಡುವೆ ಪರದೆ ಕಟ್ಟಿದ ಹಾಗೆ. ಮಾಳಿಗೆ ಕುಸಿದರೆ ಎರಡೂ ಕಡೆ ಬೀಳುತ್ತದೆ. ನಾನೂ ಹೀಗೇ ನಂಬಿದ್ದೆ. 2012ರಲ್ಲಿ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರ್ ಎರಡು ದಿನ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಡಿಸ್ಕ್ ತಗೊಂಡು ಹೈದರಾಬಾದ್‌ಗೆ ಹೋದೆ. ಒಳಗಿನ ತಟ್ಟೆಗೇ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಅಂದರು. ಗಿರಾಕಿಗಳ ಲಗ್ನಪತ್ರಿಕೆಗಳನ್ನು ಮತ್ತೆ ಟೈಪ್ ಮಾಡಿದೆ, ಅದೇನು ದೊಡ್ಡದಲ್ಲ. ಮುತ್ಯಾ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ ಫೋಟೋ ನಿಮ್ಮ ಮನೆಯಲ್ಲಿ ಒಂದೇ ಒಂದಿದೆ ಅಲ್ವಾ? ನನ್ನ ಹತ್ತಿರ 40 ಇದ್ದವು. ಎಲ್ಲ ಡಿ ಡ್ರೈವ್‌ನಲ್ಲಿದ್ದವು.

ಅದಕ್ಕೇ ಹೇಳುತ್ತೇನೆ, ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೋ. 1 ಟಿಬಿ ಸಾಕು. ಎಸ್‌ಎಸ್‌ಡಿ ಅಂದರೆ ಒಳಗೆ ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್. ಅದರ ವೇಗ ಜಾಸ್ತಿ, ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಕರೆಂಟ್ ಇಲ್ಲದೆ ಬೀರುವಿನಲ್ಲಿ ಇಡುವ ವಸ್ತು ಅದಲ್ಲ. ಅದು ಕೆಡುವಾಗ ಟಕ್ ಟಕ್ ಅಂತ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಿನ್ನ ಕೆಲಸಕ್ಕೆ ಸಾದಾ ಹಾರ್ಡ್ ಡಿಸ್ಕೇ ಸರಿ. ಪೆನ್‌ಡ್ರೈವ್ ಅಂತೂ ಬೇಡ. ಅದು ಒಯ್ಯುವುದಕ್ಕೆ, ಇಡುವುದಕ್ಕಲ್ಲ.

ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಅಂತ ಇದೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಗುತ್ತದೆ. ಒಮ್ಮೆ ಆನ್ ಮಾಡಿ ಡಿಸ್ಕ್ ತೋರಿಸಿದರೆ, ಡಿಸ್ಕ್ ಹಾಕಿದ್ದಾಗ ಬದಲಾದ ಫೈಲ್‌ಗಳನ್ನು ತಾಸಿಗೊಮ್ಮೆ ತಾನೇ ಕಾಪಿ ಮಾಡುತ್ತದೆ. ಹಳೆಯ ಕಾಪಿಯನ್ನೂ ಉಳಿಸುತ್ತದೆ. ಇದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡು. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಮ್ಯೂಸಿಕ್, ಪಿಕ್ಚರ್ಸ್, ವಿಡಿಯೋಸ್ ಇಂಥ ಫೋಲ್ಡರ್‌ಗಳನ್ನಷ್ಟೇ ನೋಡುತ್ತದೆ. ನೀನು ಡಿ ಡ್ರೈವ್‌ನಲ್ಲಿ ಮಾಡಿಕೊಂಡ ಫೋಲ್ಡರನ್ನು ತಾನಾಗಿ ಮುಟ್ಟುವುದಿಲ್ಲ. ಆಯಿಯ ಪದಗಳನ್ನೆಲ್ಲ ಮ್ಯೂಸಿಕ್ ಫೋಲ್ಡರ್ ಒಳಗೆ ತಂದುಬಿಡು.

ಗೂಗಲ್ ಡ್ರೈವ್‌ನಲ್ಲಿ ಹಾಕಿದರೆ ಸಾಲದಾ ಅಂತ ನೀನು ಕೇಳುತ್ತೀ, ಗೊತ್ತು. ಹಾಕು, ಬೇಡ ಅನ್ನುವುದಿಲ್ಲ. ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲ ಸೇರಿದೆ. ನಿನ್ನ ರೆಕಾರ್ಡಿಂಗ್ ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಫೈಲ್, ಅಂದರೆ ಕುಗ್ಗಿಸದ ಧ್ವನಿಯ ಫೈಲ್‌ಗಳಾಗಿದ್ದರೆ ತಾಸಿಗೆ 600 ಎಂಬಿ ಮೀರುತ್ತದೆ. 40 ತಾಸಿಗೆ ಸುಮಾರು 25 ಜಿಬಿ. ಹಾಗಾಗಿ ಹಿಡಿಸುವುದಿಲ್ಲ. ಜಾಗಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಸಿಂಕ್ ಆದ, ಅಂದರೆ ಲ್ಯಾಪ್‌ಟಾಪ್‌ಗೂ ಡ್ರೈವ್‌ಗೂ ತಾನೇ ಹೊಂದಿಕೊಳ್ಳುವ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಲ್ಲಿಯ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಕೈತಪ್ಪಿ ಅಳಿಸಿದ್ದು ನಿನಗೆ ಗೊತ್ತಾಗುವುದು ಎರಡು ತಿಂಗಳ ನಂತರವಾದರೆ ಏನು ಮಾಡುತ್ತೀ? ವಾಟ್ಸಾಪ್‌ನಲ್ಲಿ ಕಳಿಸಿಟ್ಟ ಫೋಟೋಗಳನ್ನೂ ಬ್ಯಾಕಪ್ ಅಂದುಕೊಳ್ಳಬೇಡ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ.

ಕಾಪಿ ಮುಗಿದ ಮೇಲೆ ಡಿಸ್ಕನ್ನು ಇಜೆಕ್ಟ್ ಕೊಟ್ಟು ತೆಗೆ. ಯಾವಾಗಲೂ ಸಿಕ್ಕಿಸಿಕೊಂಡು ಇರಬೇಡ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಬೀಳುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದಾಗ ಜಗತ್ತಿನಾದ್ಯಂತ ಹೀಗೇ ಆಯಿತು.

ಇನ್ನು ಎರಡನೇ ಡಿಸ್ಕ್. ದುಂದು ಅನ್ನಿಸಬಹುದು, ಅಲ್ಲ ಅವ್ವಾ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ ಕಡೆಯ ನಮ್ಮ ಬೀಗರ ಮನೆಯೊಳಗೆ ನೀರು ಬಂತು. ಕಂಪ್ಯೂಟರ್, ಅದರ ಪಕ್ಕದಲ್ಲೇ ಇಟ್ಟ ಡಿಸ್ಕ್ ಎರಡೂ ಒಂದೇ ರಾತ್ರಿ ಹೋದವು. ಬ್ಯಾಕಪ್ ಇತ್ತು, ಆದರೆ ಅದೇ ಮನೆಯಲ್ಲಿತ್ತು. ಅದಕ್ಕೆ ನಿನ್ನ ಒಂದು ಡಿಸ್ಕ್ ಬೀದರದಲ್ಲಿರಲಿ, ಇನ್ನೊಂದು ನನ್ನ ಬೀರುವಿನಲ್ಲಿರಲಿ. ಈಗ ಬೀದರದಿಂದ ನೇರ ರೈಲಿದೆ. ಶರಣಬಸವೇಶ್ವರ ಜಾತ್ರೆಗೆ, ದಸರೆಗೆ ನೀವು ಹೇಗೂ ಬರುತ್ತೀರಿ. ಬಂದಾಗಲೆಲ್ಲ ಹೊಸದು ಕೊಟ್ಟು ಹಳೆಯದು ಒಯ್ಯಿ. ನಮ್ಮ ಬೇಸಿಗೆ ನಿನಗೆ ಗೊತ್ತಲ್ಲ, ತಗಡಿನ ಕೋಣೆಯಲ್ಲಿ ನಾನು ಇಡುವುದಿಲ್ಲ. ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನ ಬೀಗ ಹಾಕಿದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದು ಅಮ್ಮನ ಹತ್ತಿರ ಕೊಡು.

ಇದೆಲ್ಲ ಮಾಡಿ ಸುಮ್ನೆ ಕೂತರೆ ಆಗುವುದಿಲ್ಲ. ತೆಗೆದು ನೋಡಬೇಕು. ನಮ್ಮ ಅಂಗಡಿಗೆ ಒಬ್ಬ ಮೇಷ್ಟ್ರು ಬಂದಿದ್ದರು. 5 ವರ್ಷದಿಂದ ಪ್ರತಿ ತಿಂಗಳು ತಪ್ಪದೆ ಕಾಪಿ ಮಾಡುತ್ತಿದ್ದರು. ಕಂಪ್ಯೂಟರ್ ಕೆಟ್ಟ ಮೇಲೆ ಡಿಸ್ಕ್ ತಂದುಕೊಟ್ಟರು. ತೆಗೆದು ನೋಡಿದರೆ ಎಲ್ಲ ಶಾರ್ಟ್‌ಕಟ್. ಒಂದೊಂದು 2 ಕೆಬಿ. ಡೆಸ್ಕ್‌ಟಾಪ್ ಮೇಲಿನ ಬಾಣದ ಗುರುತಿನ ಐಕಾನ್‌ಗಳನ್ನೇ ಪ್ರತಿ ಸಲ ಕಾಪಿ ಮಾಡಿದ್ದರು. ಅವರು ಖುರ್ಚಿ ಮೇಲೆ ಹಾಗೇ ಕೂತುಬಿಟ್ಟರು. ನಾನು ಏನು ಹೇಳಲಿ? ಅವತ್ತಿನಿಂದ ನಾನು ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಕಣ್ಣುಮುಚ್ಚಿ ಹತ್ತು ಫೈಲ್ ಆರಿಸಿ ತೆಗೆಯುತ್ತೇನೆ. ನೀನೂ ಹಾಗೇ ಮಾಡು. ಫೋಲ್ಡರ್ ಸೈಜ್ ಎರಡೂ ಕಡೆ ಒಂದೇ ಇದೆಯಾ ನೋಡು. ರೆಕಾರ್ಡಿಂಗ್ ಬರೀ ಶುರುವಾಗುತ್ತದಾ ಅಂತ ನೋಡಿದರೆ ಸಾಲದು, ಕೊನೆಯವರೆಗೆ ಕೇಳು.

ಪದಗಳನ್ನು ಹಳೆಯ 'ನುಡಿ' ಸಾಫ್ಟ್‌ವೇರ್‌ನ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆಯಿಯ ಕನ್ನಡ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತದೆ. ಮುಂದಿನದನ್ನು ಯೂನಿಕೋಡ್‌ನಲ್ಲೇ ಬರೆ, ಅದಕ್ಕೆ ಇಂಥದ್ದೇ ಫಾಂಟ್ ಬೇಕು ಅಂತಿಲ್ಲ.

ಈ ಭಾನುವಾರವೇ ಮೊದಲ ಡಿಸ್ಕ್ ತಗೋ. ದುಡ್ಡು ಕಡಿಮೆಬಿದ್ದರೆ ಹೇಳು, ಸಂಕೋಚ ಬೇಡ. ಎರಡನೆಯದು ನಾನೇ ಕೊಡಿಸುತ್ತೇನೆ. ಜಾತ್ರೆಗೆ ಬಂದಾಗ ಅದನ್ನು ಅಂಗಡಿಯ ಕಂಪ್ಯೂಟರ್‌ಗೆ ಹಾಕಿ ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪದ ಪೂರ್ತಿ ಕೇಳೋಣ.

ನಿನ್ನ ಕಾಕಾ